ಇಪ್ಪತ್ತಮೂರನೆಯ ಹಾಜರಿ

ಫೋನು ಮೂರನೇ ಸಲ ಬಡಿದುಕೊಂಡಾಗ ಮೇಷ್ಟ್ರ ಸಹನೆ ಮುಗಿಯಿತು. ರಿಸೀವರನ್ನು ಎತ್ತಿ ಕುಕ್ಕಿದರು. ಮತ್ತೆ ಎತ್ತಿ ಮೇಜಿನ ಮೇಲೆ ಮಲಗಿಸಿಬಿಟ್ಟರು. ಕಂಪನಿಯವರು ಪಕ್ಕದ ಕೋಣೆಗೆ ಹಳೇ ಟಯರು ತುಂಬಿದಾಗ ಈ ಕಡೆಗೆ ಬಂದು ಬಿದ್ದ ಫೋನು ಅದು. ಎರಡು ವರ್ಷದಿಂದ ಹೆಚ್ಚುಕಡಿಮೆ ಮೂಕವಾಗಿತ್ತು.

ಮಗಳೇ ಇರಬೇಕು. ಮೊಬೈಲು ಆಫ್ ಮಾಡಿಟ್ಟರೆ ಇದರ ನಂಬರನ್ನೂ ಹುಡುಕಿ ತೆಗೆದಿದ್ದಾಳೆ. ಅಳಿಯನ ತರಬೇತಿ ಸರ್ಟಿಫಿಕೇಟಿನ ಅವಧಿ ಇವತ್ತಿಗೆ ಮುಗಿಯುತ್ತದೆ. ಹೊಸದು ಕೈಯಲ್ಲಿರದಿದ್ದರೆ ಕಂಪನಿ ನಾಳೆಯಿಂದ ಅವನನ್ನು ಟ್ಯಾಂಕರಿಗೆ ಹತ್ತಿಸುವುದಿಲ್ಲ. ವಾರದಿಂದ ಅವಳದು ಒಂದೇ ರಾಗ.

ಬೆಂಚುಗಳಲ್ಲಿ ಇಪ್ಪತ್ತೆರಡು ಚಾಲಕರು ಕೂತಿದ್ದರು. ಹಾಜರಿ ಪುಸ್ತಕದಲ್ಲಿ ಇಪ್ಪತ್ತಮೂರು. ಮೂರು ದಿನದ ತರಬೇತಿಗೆ ಅಳಿಯ ಒಂದು ದಿನವೂ ಬಂದಿರಲಿಲ್ಲ. ಲೋಡಿನ ಮೇಲೆ ಲೋಡು. ಈ ಹೊತ್ತಿನಲ್ಲೂ ಅಮೋನಿಯಾ ತುಂಬಿಕೊಂಡು ರಸ್ತೆಯಲ್ಲಿದ್ದ. ಮೂವತ್ತು ವರ್ಷದಲ್ಲಿ ಮೇಷ್ಟ್ರು ಬರೆದ ಮೊದಲ ಸುಳ್ಳು ಹಾಜರಿ ಅದು. ಮಗಳ ಮುಖ ನೋಡಿ ಬರೆದದ್ದು.

"ಕ್ಲಾಸಿಗೆ ಬರದಿದ್ರೆ ಬೇಡ, ಇದೊಂದು ನೆನಪಿಟ್ಕೊಳ್ಳಿ" ಎಂದು ಅಳಿಯನಿಗೆ ಊಟದ ಹೊತ್ತಿನಲ್ಲಿ ಹೇಳಿದ್ದರು. "ಸೋರಿದ್ರೆ ಕೈ ಹಾಕ್ಬೇಡಿ. ಗಾಳಿ ಬರೋ ದಿಕ್ಕಿಗೆ ದೂರ ಹೋಗಿ ನಿಂತು ಟ್ಯಾಂಕರಿನ ಮೇಲಿರೋ ನಂಬರಿಗೆ ಫೋನ್ ಮಾಡಿ."

ಅಳಿಯ ತಟ್ಟೆಯಿಂದ ತಲೆ ಎತ್ತದೆ ಹೂಂಗುಟ್ಟಿದ್ದ.

ಅದೇ ಪಾಠವನ್ನು ಈಗ ಗೋಡೆಯ ಮೇಲಿದ್ದ, ಟ್ಯಾಂಕರಿನ ಮೇಲಿರುವಂಥದೇ ಮಾದರಿ ಫಲಕಕ್ಕೆ ಬೆತ್ತ ಕುಟ್ಟಿ ಒಪ್ಪಿಸುತ್ತಿದ್ದರು. ಫಲಕದ ಕೊನೆಯ ಸಾಲಿನಲ್ಲಿ ಕಂಪನಿಯ ತುರ್ತು ನಂಬರು.

"ಮೇಷ್ಟ್ರೇ, ಆ ನಂಬರಿಗೆ ಮಾಡಿದ್ರೆ ಯಾರಾದ್ರೂ ಎತ್ತುತ್ತಾರಾ?" ಹಿಂದಿನ ಬೆಂಚಿನ ಮೀಸೆಯವನು ಕೇಳಿದ. "ನಾನು ಮಾಡಿದ್ರೆ ನಮ್ಮನೇಲೇ ಎತ್ತಲ್ಲ."

ಬೆಂಚುಗಳು ನಕ್ಕವು.

"ಅದಕ್ಕಂತಲೇ ಹಗಲೂ ರಾತ್ರಿ ಒಬ್ಬನನ್ನ ಕೂರಿಸಿರ್ತಾರಪ್ಪ" ಎಂದರು ಮೇಷ್ಟ್ರು. ಪಾಠದ ಪುಸ್ತಕದಲ್ಲಿ ಹಾಗೇ ಬರೆದಿತ್ತು.

ಅರ್ಧ ಗಂಟೆಯಲ್ಲಿ ಪಾಠ ಮುಗಿಯಿತು. ಇಪ್ಪತ್ತೆರಡು ಸರ್ಟಿಫಿಕೇಟು ಹಂಚಿಯಾಯಿತು. ಇಪ್ಪತ್ತಮೂರನೆಯದಕ್ಕೆ ಮೊಹರು ಒತ್ತುತ್ತಿದ್ದಾಗ ಮಗಳು ಏದುಸಿರು ಬಿಡುತ್ತ ಒಳಗೆ ಬಂದಳು.

"ತಗೋ ಮಾರಾಯ್ತಿ. ಇದಕ್ಕೆ ಅಷ್ಟು ಸಲ ಫೋನ್ ಮಾಡ್ಬೇಕಿತ್ತಾ?"

"ನಾನೆಲ್ಲಿ ಮಾಡಿದೆ? ಇಲ್ಲಿಯ ನಂಬರು ನನಗೇನು ಗೊತ್ತು? ನಿಮ್ಮ ಮೊಬೈಲು ಆಫ್ ಆಗಿತ್ತು, ಅದಕ್ಕೇ ಓಡಿಬಂದೆ." ಅವಳು ಸರ್ಟಿಫಿಕೇಟನ್ನು ಮುಟ್ಟಲೂ ಇಲ್ಲ. "ಅಪ್ಪ, ಟ್ಯಾಂಕರು ಸೋರ್ತಿದೆಯಂತೆ. ನೀವು ಹೇಳಿದ ಹಾಗೇ ಇವರು ದೂರ ನಿಂತು ಅದರ ಮೇಲಿರೋ ನಂಬರಿಗೆ ಮೂರು ಸಲ ಮಾಡಿದ್ರಂತೆ. ಎರಡು ಸಲ ಯಾರೂ ಎತ್ತಲಿಲ್ಲ, ಮೂರನೇ ಸಲ ಎತ್ತಿದ ಕೂಡಲೇ ಕಟ್ಟಾಯ್ತಂತೆ. ಪಕ್ಕದಲ್ಲೇ ಮನೆಗಳಿವೆ, ನಾನೇ ಹೋಗಿ ವಾಲ್ವು ತಿರುಗಿಸ್ತೀನಿ, ಆ ನಂಬರಿಗೆ ನೀನು ಮಾಡ್ತಾ ಇರು ಅಂದ್ರು. ಆಮೇಲೆ ಅವರೂ ಸಿಗ್ತಿಲ್ಲ."

"ನೀನು ಮಾಡಿದೆಯಾ?"

"ದಾರಿ ಉದ್ದಕ್ಕೂ ಮಾಡಿದೆ. ಬರೀ ಎಂಗೇಜು."

ಮೇಷ್ಟ್ರು ಫಲಕದ ಕೊನೆಯ ಸಾಲನ್ನು ನೋಡಿದರು. ಮೂವತ್ತು ವರ್ಷ ಬೆತ್ತದಿಂದ ಕುಟ್ಟಿದ ಸಾಲು. ಆಮೇಲೆ ಮೇಜಿನ ಮೇಲೆ ತಾವೇ ಮಲಗಿಸಿದ್ದ ರಿಸೀವರನ್ನು ಎತ್ತಿ ಅದರ ಜಾಗದಲ್ಲಿಟ್ಟರು.

"ಈಗ ಮಾಡಮ್ಮ" ಎಂದರು.

ಮಗಳು ಒತ್ತಿದಳು. ಮೇಜಿನ ಮೇಲಿನ ಫೋನು ಬಡಿದುಕೊಂಡಿತು.