ಹಳ್ಳಕ್ಕೆ ನೀರು ಬಂದ ದಿನ

ಇಪ್ಪತ್ತೆರಡು ವರ್ಷಗಳಿಂದ ಬೇಸಿಗೆ ಬಂತೆಂದರೆ ಒಣಗಿ ಬಿರುಕು ಬಿಡುತ್ತಿದ್ದ ಹಳ್ಳದಲ್ಲಿ ನೀರು ಹರಿಯುತ್ತಿದೆ ಎಂದು ಹೊಸ ರೇಂಜರಮ್ಮ ಫೋನ್ ಮಾಡಿದಾಗ ಹಳೆಯ ರೇಂಜರು ಗಡ್ಡ ಬೋಳಿಸಿಕೊಳ್ಳುತ್ತಿದ್ದರು. ಉಳಿದರ್ಧವನ್ನು ಹೇಗೋ ಮುಗಿಸಿ, ಮಂಡಿನೋವಿಗೂ ಸೊಪ್ಪು ಹಾಕದೆ ಗುಡ್ಡ ಹತ್ತಿದರು.

ಗುಡ್ಡದ ಒಂದು ಮಗ್ಗುಲು ಬೋಳಾಗಿತ್ತು. ಮೂವತ್ತೆರಡು ವರ್ಷದ ಹಿಂದೆ ಅಲ್ಲಿನ ಹುಲ್ಲುಗಾವಲನ್ನು ‘ಪಾಳು ಜಾಗ’ ಎಂದು ಬರೆದು, ಸಾಲು ಹಿಡಿದು ನೀಲಗಿರಿ ನೆಡಿಸಿದವರು ಅವರೇ. ಹೋದ ವರ್ಷ ಅರಣ್ಯ ಇಲಾಖೆ ಆ ಮರಗಳನ್ನೆಲ್ಲ ತೆಗೆಸಿತ್ತು. ಕಣಿವೆಯೊಳಗಿನ ಹಳೆಯ ಕಾಡನ್ನು ಮಾತ್ರ ಮುಟ್ಟಿರಲಿಲ್ಲ. ಅದು ಹಳ್ಳದ ಜೊತೆಗೇ ಬಾಳಿಕೊಂಡು ಬಂದ ಕಾಡು. ಕೆಳಗೆ, ನೀರು ಅಳೆಯಲೆಂದು ಕಟ್ಟಿದ ಸಿಮೆಂಟ್ ಅಡ್ಡಗಟ್ಟೆಯ ಕಿಂಡಿಯಿಂದ ನೀರು ತೋಳಿನ ದಪ್ಪ ಬೀಳುತ್ತಿತ್ತು. ಅದರ ಹಿಂದೆ ಮೊಣಕಾಲುದ್ದ ಹೂಳು.

ಮರಗಳನ್ನು ಒಂದೇ ಏಟಿಗೆ ತೆಗೆದದ್ದು ತಪ್ಪಾಯಿತೇನೋ, ಮಳೆಗಾಲದಲ್ಲಿ ಗುಡ್ಡದ ಮಣ್ಣೆಲ್ಲ ಕೊಚ್ಚಿ ಬಂತು, ಹುಲ್ಲು ಬೇರು ಹಿಡಿಯಲು ಇನ್ನೂ ನಾಲ್ಕೈದು ವರ್ಷ ಬೇಕು ಎಂದು ರೇಂಜರಮ್ಮ ಪೇಚಾಡಿಕೊಂಡಳು. ಆಮೇಲೆ ಚೀಲದಿಂದ ಒಂದು ಹಳೆಯ ಪುಸ್ತಕ ತೆಗೆದಳು. ಮರ ನೆಟ್ಟ ಮೊದಲ ವರ್ಷಗಳ ಹಳ್ಳದ ನೀರಿನ ಅಳತೆ.

“ನಾಲ್ಕನೇ ವರ್ಷದಿಂದ್ಲೇ ನೀರು ಇಳೀತಾ ಬಂದಿದೆ ಸರ್. ಮಳೆ ನೋಡಿದ್ರೆ ಅಷ್ಟೇ ಇದೆ. ಮರ ಕುಡಿದದ್ದು ಬಿಟ್ರೆ ಬೇರೆ ಕಾರಣಾನೇ ಇಲ್ಲ. ಆದ್ರೆ ಮೇಲಕ್ಕೆ ಹೋದ ವರದೀಲೆಲ್ಲ ‘ಮಳೆ ಕೊರತೆ’ ಅಂತಿದೆ. ಇದನ್ನ ಬರೆದವರಿಗೆ ಕಾಣಿಸ್ಲಿಲ್ವಾ?”

ಅವಳು ಯಾರನ್ನೂ ಚುಚ್ಚಲು ಕೇಳಿರಲಿಲ್ಲ. ಆ ಅಕ್ಷರ ಯಾರದೆಂದು ಅವಳಿಗೆ ತಿಳಿಯದು; ಯಾರೋ ಗಾರ್ಡ್ ಬರೆದದ್ದೆಂದುಕೊಂಡಿದ್ದಳು. ಹಳೆಯ ರೇಂಜರು ತಮ್ಮದೇ ಅಕ್ಷರವನ್ನು ನೋಡಿ, ಕಣ್ಣು ಮಂಜಾಗಿದೆ, ಓದಲಾಗುವುದಿಲ್ಲ ಎಂದುಬಿಟ್ಟರು.

ಕಾಣಿಸಿತ್ತು. ಚೆನ್ನಾಗಿಯೇ ಕಾಣಿಸಿತ್ತು. ಆದರೆ ಬೋಳುಗುಡ್ಡವನ್ನು ಹಸಿರು ಮಾಡಿದ ಅಧಿಕಾರಿ ಎಂದು ಆ ನಾಲ್ಕನೇ ವರ್ಷವೇ ಪದಕ ಬಂದಿತ್ತು, ಹೊರಗಿನಿಂದ ಬಂದವರೆಲ್ಲ ಆ ಗುಡ್ಡದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕೆಳಗೆ ಹಳ್ಳದ ದಂಡೆಯಲ್ಲಿ ಅವರ ಸ್ವಂತ ಅಕ್ಕ ಮತ್ತು ಭಾವ ನೂಲಿಗೆ ಬಣ್ಣ ಹಾಕುವ ಶೆಡ್ ನಡೆಸುತ್ತಿದ್ದರು. ಬಣ್ಣದ ತೊಟ್ಟಿಯಿಂದ ತೆಗೆದ ನೂಲಿನ ಲಡಿಯನ್ನು ಹರಿಯುವ ನೀರಿನಲ್ಲೇ ಜಾಲಾಡಬೇಕು; ನಿಂತ ನೀರಾದರೆ ಬಣ್ಣ ಮಚ್ಚೆ ಮಚ್ಚೆಯಾಗಿ ಕೂರುತ್ತದೆ. ಎಂಟನೇ ವರ್ಷದ ಹೊತ್ತಿಗೆ ಹಳ್ಳ ಅಲ್ಲೊಂದು ಇಲ್ಲೊಂದು ಹೊಂಡವಾಗಿ, ನೇಕಾರರು ಲಡಿಗಳನ್ನು ಹಿಂದಕ್ಕೆ ಕಳಿಸತೊಡಗಿದ್ದರು. ಊರ ಸಭೆಯಲ್ಲಿ ಅಕ್ಕ ಎದ್ದು ನಿಂತು, ಈ ಮರಗಳೇ ನೀರು ಕುಡಿಯುತ್ತಿವೆ ಎಂದಳು. ರೇಂಜರು ಎಲ್ಲರ ಮುಂದೆ ನಕ್ಕು, ಅಕ್ಕ ನೂಲಿಗೆ ಬಣ್ಣ ಹಾಕಿಕೊಂಡಿರಲಿ, ಕಾಡಿನ ವಿಚಾರ ತನಗೆ ಬಿಡಲಿ ಎಂದರು. ಸಭೆ ಗೊಳ್ಳೆಂದಿತು. ಎರಡು ವರ್ಷಕ್ಕೆ ಶೆಡ್ಡಿಗೆ ಬೀಗ ಬಿತ್ತು. ಭಾವ ಬಸ್ ಡಿಪೊದಲ್ಲಿ ಕಾವಲುಗಾರರಾದರು. ಮೈದುನನ ಜೊತೆ ಮತ್ತೆ ಮಾತಾಡದೆಯೇ ಕಣ್ಣು ಮುಚ್ಚಿದರು.

ಗುಡ್ಡ ಇಳಿದವರು ಮನೆಗೆ ಹೋಗಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಮಗಳ ಜೊತೆಗಿದ್ದ ಅಕ್ಕನ ಬಳಿ ಹೋದರು. ಅಕ್ಕ ಕಿಟಕಿ ಪಕ್ಕ ಕೂತು ದರ್ಜಿ ಕಳಿಸಿದ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಹಳ್ಳಕ್ಕೆ ನೀರು ಬಂದಿದೆ ಎಂದರು. ಅವಳ ಕೈಯಲ್ಲಿನ ಸೂಜಿ ಅಲ್ಲೇ ನಿಂತಿತು. ಶೆಡ್ಡಿನ ಹಿಂದಿನ ಬಂಡೆ ಮುಳುಗಿದೆಯೇ, ನೀರು ಮೊದಲಿನ ಹಾಗೇ ತಣ್ಣಗಿದೆಯೇ ಎಂದು ಚಿಕ್ಕ ಹುಡುಗಿಯಂತೆ ಒಂದೊಂದೇ ಕೇಳಿದಳು. ತಮ್ಮನನ್ನು ಕೂರಿಸಿ ಬೆನ್ನು ಸವರಿದಳು. ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡ ಮಗಳು, ಹಿಂದೆ ಆದದ್ದನ್ನು ಇನ್ನು ಎತ್ತುವುದು ಬೇಡ ಎಂದು ಚಹಾಕ್ಕೆ ನೀರಿಟ್ಟಳು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಬೆನ್ನ ಮೇಲಿನ ಆ ಕೈಯನ್ನು ಅವರಿಂದ ತಡೆದುಕೊಳ್ಳಲಾಗಲಿಲ್ಲ.

“ಅಕ್ಕ, ಅವತ್ತು ಸಭೇಲಿ ನೀನು ಹೇಳಿದ್ದೇ ಸರಿ. ನಂಗೆ ಆಗ್ಲೇ ಗೊತ್ತಿತ್ತು. ಅದಕ್ಕೂ ನಾಲ್ಕು ವರ್ಷ ಮೊದ್ಲೇ ಗೊತ್ತಿತ್ತು.”

ಅಕ್ಕ ಕೈ ತೆಗೆದಳು. ಮಡಿಲಿನಲ್ಲಿದ್ದ ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟಳು. ಒಳಗೆ ಪಾತ್ರೆಯ ಸದ್ದು ನಿಂತಿತು.

“ನಿಮ್ಮ ಭಾವ ಸಾಯೋವರೆಗೂ ನಿನ್ನ ಬೈತಾನೇ ಇದ್ರು,” ಎಂದಳು ಕೊನೆಗೆ. “‘ಅವನಿಗೇನು ಗೊತ್ತಿತ್ತು ಪಾಪ, ಗೊತ್ತಿದ್ರೆ ಹೀಗೆ ಮಾಡ್ತಿದ್ನಾ’ ಅಂತ ಪ್ರತಿ ಸಲಾನೂ ನಾನೇ ಅವರ ಬಾಯಿ ಮುಚ್ಚಿಸ್ತಿದ್ದೆ.” ಕಿಟಕಿಯ ಕಡೆ ಮುಖ ತಿರುಗಿಸಿದಳು. “ಈಗ ಆ ಮನುಷ್ಯನಿಗೆ ಯಾರು ಹೋಗಿ ಹೇಳ್ತಾರೋ?”