ಕುಂಬಳಕಾಯಿಯೊಳಗಿನ ಜೋಳ

ಬಟ್ಟೆಯ ಆ ಕುಂಬಳಕಾಯಿಯನ್ನು ಅಕ್ಟೋಬರ್‌ನಲ್ಲಿ ಹೊರತೆಗೆದಾಗಲೆಲ್ಲ ಈಗಲೂ ಬೆರಳಿಗೆ ಜೋಳದ ಕಾಳುಗಳು ಸಿಗುತ್ತವೆ.

ಸೋಂಕಿನಿಂದಾಗಿ ವಿಮಾನಗಳು ನಿಂತು, ಹುಬ್ಬಳ್ಳಿಯ ಅಜ್ಜಿ ಕಡಲಾಚೆಯ ಪೊವೇ ಊರಿನ ನಮ್ಮ ಮನೆಯಲ್ಲೇ ಉಳಿದುಕೊಂಡ ವರ್ಷ ಅದು. ಅಕ್ಟೋಬರ್‌ನ ಹಬ್ಬಕ್ಕೆ ಅಕ್ಕಪಕ್ಕದ ಮನೆಗಳ ಹಾಗೆ ಬಾಗಿಲಲ್ಲಿಡಲು ಕುಂಬಳಕಾಯಿ ಬೇಕೆಂದು ನಾನು ಹಟ ಹಿಡಿದೆ. ಅಜ್ಜಿ ತನ್ನ ಮೆತ್ತಗಾದ ಇಳಕಲ್ ಸೀರೆ ಕತ್ತರಿಸಿ ಹೊಲಿದಳು, ಹತ್ತಿ ತುಂಬಿದಳು, ದಪ್ಪ ದಾರ ಎಳೆದೆಳೆದು ಗೆರೆ ಮೂಡಿಸಿದಳು. ಊರಲ್ಲಿ ಹಳೆ ಬಟ್ಟೆಯ ಕೌದಿ ಹೊಲಿಯುವಾಗ ಕೊನೆಯ ಮೂಲೆಯಲ್ಲಿ ಒಂದು ತುತ್ತು ಊಟ ಇಟ್ಟು ಹೊಲಿಗೆ ಮುಚ್ಚುವ ಹಾಗೆ, ಇದರೊಳಗೂ ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ತಂದ ಜೋಳ ಒಂದು ಹಿಡಿ ಹಾಕಿದಳು.

“ಯಾಕಜ್ಜಿ? ಇಟ್ಸ್ ಜಸ್ಟ್ ಡೆಕೊರೇಷನ್!”

“ಇರ್ಲಿ ಬಿಡವಾ. ದಿನಾ ಬಾಗಲದಾಗ ನಿಂದರ್ತೈತಿ. ಖಾಲಿ ಹೊಟ್ಟಿಲೆ ನಿಂದರಸಬಾರ್ದು.”

ಮುಂದಿನ ತಿಂಗಳು ವಿಮಾನ ಸಿಕ್ಕಿತು. ಸೂಟ್‌ಕೇಸ್ ಹಿಡಿದು ಅಜ್ಜಿ ಅದೇ ಬಾಗಿಲಲ್ಲಿ, ಕುಂಬಳಕಾಯಿಯ ಪಕ್ಕ, ಎಷ್ಟೋ ಹೊತ್ತು ನಿಂತಿದ್ದಳು.

ಊಟ ಆಯಿತೇ ಎಂದು ನಾನು ಕೇಳಲಿಲ್ಲ.