ಅಕ್ಕಿಯ ಮೇಲೆ ಕಲಿತ ಸೈನ್

ತಿಪಟೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಯೋಗಾನಂದ ಒಂದು ಹಳೇ ಕಾರು ಕೊಂಡ...

ಬ್ರೋಕರ್ ಇಲ್ಲ, ಕಮಿಷನ್ ಇಲ್ಲ. ಮದುವೆ ಮನೆಗಳ ಅಡುಗೆ ಕಾಂಟ್ರಾಕ್ಟ್ ಮಾಡುತ್ತಿದ್ದ ಪಾಲಾಕ್ಷಣ್ಣನವರ ಹತ್ತಿರ ನೇರ ವ್ಯಾಪಾರ.

ದುಡ್ಡು ಕೊಟ್ಟಾಯ್ತು, ಕೀ ಕೈಗೆ ಬಂತು. ಇಬ್ಬರೂ ಕಾರಿನ ಮುಂದೆ ನಿಂತು ಫೋಟೋನೂ ತೆಗೆಸಿಕೊಂಡರು.

"ಸೋಮವಾರ ಆರ್‌ಟಿಓ ಆಫೀಸ್ ಹತ್ರ ಬನ್ನಿ ಸ್ವಾಮಿ. ನಾನೇ ಬಂದು ಸೈನ್ ಹಾಕಿ, ಗಾಡಿ ನಿಮ್ಮ ಹೆಸರಿಗೆ ಮಾಡಿಕೊಡ್ತೀನಿ," ಅಂದರು ಪಾಲಾಕ್ಷಣ್ಣ.

ಸೋಮವಾರ ಬಂತು... ಪಾಲಾಕ್ಷಣ್ಣ ಬರಲಿಲ್ಲ.

ಫೋನ್ ಸ್ವಿಚ್ ಆಫ್. ಮನೆಗೆ ಹೋದರೆ ಬಾಗಿಲಿಗೆ ಬೀಗ.

ಪಕ್ಕದ ಮನೆಯಲ್ಲಿ ಒಂದು ಮಾತು ಕೇಳಬಹುದಿತ್ತು... ಕೇಳಲಿಲ್ಲ. ಸಿಟ್ಟು ನೆತ್ತಿಗೇರಿತ್ತು.

ಎರಡು ವಾರ ಕಾದು, ಅದೇ ಫೋಟೋ ಹಾಕಿ ವರ್ತಕರ ಗ್ರೂಪಿಗೆ ಮೆಸೇಜ್ ಬಿಟ್ಟ.

"ಈ ಮನುಷ್ಯ ಮೋಸಗಾರ. ದುಡ್ಡು ತಗೊಂಡು ತಲೆಮರೆಸಿಕೊಂಡಿದ್ದಾನೆ. ಯಾರೂ ಇವನಿಗೆ ಕೆಲಸ ಕೊಡಬೇಡಿ. ಎಲ್ಲಾ ಗ್ರೂಪಿಗೂ ಕಳಿಸಿ!" ಕೆಳಗೆ ತನ್ನ ಹೆಸರು, ನಂಬರ್.

ಸಂಜೆಯೊಳಗೆ ಇಡೀ ತಾಲ್ಲೂಕೇ ಓದಿತ್ತು.

ಕೆಲವು ದಿನ ಕಳೆದ ಮೇಲೆ ಒಂದು ಫೋನ್ ಬಂತು.

"ಸ್ವಾಮಿ, ನಾನು ಪಾಲಾಕ್ಷಣ್ಣೋರ ಹೆಂಡ್ತಿ, ಸರ್ವಮಂಗಳಮ್ಮ. ಮನೆ ಹತ್ರ ಬಂದು ಸೈನ್ ಹಾಕಿಸ್ಕೊಂಡು ಹೋಗ್ತೀರಾ?"

ಯೋಗಾನಂದ ಮೀಸೆಯಡಿ ನಕ್ಕ. "ನೋಡಿದ್ಯಾ? ಮಾನ ಹೋಗುತ್ತೆ ಅಂದ ತಕ್ಷಣ ಹೇಗೆ ದಾರಿಗೆ ಬಂದ್ರು!" ಅಂತ ಹೆಂಡತಿಯ ಮುಂದೆ ಕೊಚ್ಚಿಕೊಂಡ.

ಫಾರಂ ಹಿಡಿದು ಹೋದ. ಬಾಯಿಗೆ ಬಂದಂತೆ ಬೈಯಬೇಕು ಅಂತಲೇ ಹೋಗಿದ್ದ...

ಬಾಗಿಲಲ್ಲೇ ನಿಂತುಬಿಟ್ಟ.

ಪಾಲಾಕ್ಷಣ್ಣ ಕುರ್ಚಿಯಲ್ಲಿ ಒರಗಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಮಡಿಲಲ್ಲಿ ಒಂದು ತಟ್ಟೆ ಅಕ್ಕಿ.

ನಡುಗುವ ಬಲಗೈ ಬೆರಳಿನಿಂದ ಅಕ್ಕಿಯ ಮೇಲೆ ಏನೋ ಬರೆಯುತ್ತಿದ್ದರು... ಮಗುವಿಗೆ ಅಕ್ಷರಾಭ್ಯಾಸ ಮಾಡಿಸುವ ಹಾಗೆ ಸರ್ವಮಂಗಳಮ್ಮ ಅವರ ಮೊಣಕೈ ಹಿಡಿದಿದ್ದರು.

"ಸ್ವಾಮಿ... ತಡ... ಆಯ್ತು. ಬೇಜಾರ್... ಮಾಡ್ಕೋಬೇಡಿ," ಅಂದರು ಪಾಲಾಕ್ಷಣ್ಣ, ಒಂದೊಂದೇ ಮಾತು ಎಳೆದು ತಂದು.

"ಆ ಸೋಮವಾರ ನಿಮ್ಮ ಹತ್ರ ಬರೋಕೇ ಅಂತ ಶರ್ಟ್ ಹಾಕ್ಕೋತಿದ್ರು, ಹಾಗೇ ಕುಸಿದ್ರು," ಅಂದರು ಸರ್ವಮಂಗಳಮ್ಮ. "ಲಕ್ವ ಹೊಡೆದಿತ್ತು. ತುಮಕೂರಿನ ಆಸ್ಪತ್ರೇಲೇ ಇದ್ವಿ. ಆ ಗಡಿಬಿಡೀಲಿ ಇವ್ರ ಫೋನೂ ಕಳೆದೋಯ್ತು."

ಯೋಗಾನಂದ ಕೈಲಿದ್ದ ಫಾರಂ ಬೆನ್ನ ಹಿಂದೆ ಸರಿಸಿದ.

"ಹೆಬ್ಬೆಟ್ಟು ಒತ್ತಿದ್ರೂ ಆಗುತ್ತೇನೋ ಕೇಳೋಣ ಅಂದೆ. ಕೇಳಲಿಲ್ಲ ಇವ್ರು. ಸೈನ್ ಹಾಕ್ತೀನಿ ಅಂತ ಮಾತು ಕೊಟ್ಟಿದ್ದೀನಿ, ಹಳೇ ಸೈನ್‌ಗೆ ತಾಳೆ ಆಗದಿದ್ರೆ ಗಾಡಿ ತಗೊಂಡೋರು ಆಫೀಸಿಗೆ ಅಲೀಬೇಕಾಗುತ್ತೆ ಅಂತ... ಮನೆಗೆ ಬಂದಾಗಿಂದ ಇದೇ ಅಭ್ಯಾಸ."

ಪೆನ್ನು ಕೊಟ್ಟರು. ಪಾಲಾಕ್ಷಣ್ಣ ಹಲ್ಲು ಕಚ್ಚಿ, ಬೆವರಿ, ಸೈನ್ ಹಾಕಿದರು.

ಯೋಗಾನಂದ ತಲೆ ಎತ್ತಿ ನೋಡಲಾರದೆ ಫಾರಂ ಮಡಚಿಕೊಂಡ.

ಗೇಟಿನವರೆಗೂ ಬಂದ ಸರ್ವಮಂಗಳಮ್ಮ ದನಿ ತಗ್ಗಿಸಿದರು.

"ನಿಮ್ಮ ನಂಬರ್ ನಂಗೆ ಸಿಕ್ಕಿದ್ದೇ ಆ ಮೆಸೇಜಲ್ಲಿ ಸ್ವಾಮಿ..."

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅದನ್ನ ನೋಡಿ ಎರಡು ಮದುವೆ ಮನೆಯವ್ರು ಅಡುಗೆ ಬೇಡ ಅಂದ್ರು. ಹುಷಾರಿಲ್ಲ ಅಂತ ಬಿಟ್ರು ಅಂದ್ಕೊಂಡಿದ್ದಾರೆ ಇವ್ರು. ಮೆಸೇಜ್ ವಿಷಯ ಗೊತ್ತಿಲ್ಲ... ಗೊತ್ತಾದ್ರೆ ಈ ಜೀವ ತಡ್ಕೊಳಲ್ಲ. ಕ್ಷಮೆ ಕೇಳೋಕೆ ಅಂತಲೂ ಇವ್ರಿಗೆ ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಅಮ್ಮಾ, ಬೇಡ... ನಾನು ನಿಮ್ಮ ಕಾಲಿಗೆ ಬೀಳ್ಬೇಕು," ಅಂದ ಯೋಗಾನಂದ.

ಅವತ್ತೇ ಗ್ರೂಪಿನಲ್ಲಿ ನಿಜ ಬರೆದ. "ಪಾಲಾಕ್ಷಣ್ಣ ಮೋಸಗಾರರಲ್ಲ. ತಪ್ಪು ನನ್ನದು."

ಸುಳ್ಳನ್ನು ಓಡೋಡಿ ಹಂಚಿದ ಜನ, ನಿಜಕ್ಕೆ ಕೈ ಮುಗಿಯುವ ಗುರುತು ಹಾಕಿ ಸುಮ್ಮನಾದರು...

ಆ ಎರಡೂ ಮನೆಗಳಿಗೆ ತಾನೇ ಹೋದ. ಒಂದು ಮನೆಯವರು ಆಗಲೇ ಬೇರೆಯವರಿಗೆ ಅಡ್ವಾನ್ಸ್ ಕೊಟ್ಟಾಗಿತ್ತು.

ಇನ್ನೊಂದು ಮನೆಯ ಯಜಮಾನರು ಪೂರ್ತಿ ಕೇಳಿ, "ಥೂ, ನಿಮ್ಮಂಥೋರ ಮಾತು ನಂಬಿ ನಾವೂ ಕೆಟ್ವಲ್ಲಯ್ಯ!" ಅಂದರು. ಬೈದು, ಅಡುಗೆ ಪಾಲಾಕ್ಷಣ್ಣನವರಿಗೇ ಕೊಟ್ಟರು.

ಮದುವೆಯ ದಿನ ಸರ್ವಮಂಗಳಮ್ಮ ಭಟ್ಟರ ಜೊತೆ ನಿಂತು ಅಡುಗೆ ಮಾಡಿಸುತ್ತಿದ್ದರು. ಒಲೆಗಳ ಪಕ್ಕ ಕುರ್ಚಿ ಹಾಕಿಕೊಂಡು ಪಾಲಾಕ್ಷಣ್ಣ ಕೂತಿದ್ದರು.

ಯೋಗಾನಂದನನ್ನು ಕಂಡದ್ದೇ ಎಡಗೈ ಬೀಸಿ ಕರೆದರು. ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

"ಈ ಕೆಲಸ... ನೀವೇ ಹೇಳಿ... ಕೊಡ್ಸಿದ್ರಂತೆ. ದೇವ್ರು... ನಿಮ್ಮನ್ನ... ಚೆನ್ನಾಗಿಟ್ಟಿರ್ಲಿ."

ಪಕ್ಕದಲ್ಲಿದ್ದ ಸರ್ವಮಂಗಳಮ್ಮ ಸೌಟು ಆಡಿಸುತ್ತಾ ಮುಖ ತಿರುಗಿಸಿಕೊಂಡರು.

ಯೋಗಾನಂದ ಪಂಕ್ತಿಯಲ್ಲಿ ಕೂತ. ಎಲೆ ತುಂಬಾ ಬಡಿಸಿದರು...

ಒಂದು ತುತ್ತೂ ಗಂಟಲಲ್ಲಿ ಇಳಿಯಲಿಲ್ಲ.

*ವಿಚಾರಿಸೋಕೆ ಒಂದು ಮಾತು ಸಾಕು... ಕಳೆದ ಮಾನ ತಂದುಕೊಡೋಕೆ ಒಂದು ಜನ್ಮ ಸಾಲದು.*

ಇವತ್ತು ನೀವು ಫಾರ್ವರ್ಡ್ ಮಾಡಿದ ಮೆಸೇಜಿನಲ್ಲಿದ್ದ ಮನುಷ್ಯನ ಪಕ್ಕದ ಮನೆಯಲ್ಲಾದರೂ ಒಮ್ಮೆ ಕೇಳಿದ್ದೀರಾ?